ರೇಡಿಯೇಷನ್ ಆದ ಎದೆಗೆ ಯಾವ ಇಂಪ್ಲಾಂಟ್?

ಪ್ರಶ್ನೆ: ನನಗೆ 43 ವರ್ಷ. ಎರಡು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಇಡೀ ಸ್ತನ ತೆಗೆದರು. ಕೀಮೋ ಮುಗಿದ ಮೇಲೆ ರೇಡಿಯೇಷನ್ ಕೊಟ್ಟರು. ಅದು ಮುಗಿದು ವರ್ಷದ ಮೇಲಾಯಿತು. ಈಗ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಬ್ರಾ ಒಳಗೆ ಪ್ಯಾಡ್ ಇಟ್ಟುಕೊಂಡು ಬ್ಯಾಂಕ್ ಕೆಲಸಕ್ಕೆ ಹೋಗುತ್ತೇನೆ. ನಮ್ಮೂರ ಬೇಸಿಗೆಯಲ್ಲಿ ಬೆವರಿ ಗಾಯದ ಜಾಗ ಉರಿಯುತ್ತದೆ. ಬೆಂಗಳೂರಿನಲ್ಲಿ ಇಬ್ಬರು ಪ್ಲಾಸ್ಟಿಕ್ ಸರ್ಜನ್‌ರನ್ನು ಕಂಡೆವು. ಒಬ್ಬರು ಸ್ತನದ ಜಾಗದಲ್ಲಿ ಒಳಗಿಡುವ 375 ಸಿಸಿಯ (ಅಂದರೆ 375 ಮಿ.ಲೀ.) ದುಂಡನೆಯ, ನುಣುಪಾದ ಸಿಲಿಕೋನ್ ಇಂಪ್ಲಾಂಟ್ ಅಂದರು. ಇನ್ನೊಬ್ಬರು ಹನಿಯಾಕಾರದ್ದು, ಮೇಲ್ಮೈ ಒರಟಾಗಿರುವುದು ಸಹಜವಾಗಿ ಕಾಣುತ್ತದೆ ಅಂದರು. ನನ್ನ ನಾದಿನಿ ಸಿಲಿಕೋನ್ ಸಹವಾಸವೇ ಬೇಡ, ಉಪ್ಪುನೀರಿನದೇ ಸೇಫ್ ಅನ್ನುತ್ತಾಳೆ. ಯಾವುದನ್ನು ಹಾಕಿಸಲಿ? ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಇರುತ್ತದೆಯೇ? ಕ್ಯಾನ್ಸರ್ ಮತ್ತೆ ಬಂದರೆ ಅದು ಮುಚ್ಚಿಹೋಗುವ ಭಯ ಇದೆಯೇ?

– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ: ರೇಡಿಯೇಷನ್ ಆಗಿದೆ. ದುಂಡನೆಯದೋ ಹನಿಯಾಕಾರದ್ದೋ ಅನ್ನುವುದು ಅದರ ನಂತರದ ಪ್ರಶ್ನೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ರೇಡಿಯೇಷನ್ ಆದ ಎದೆಯಲ್ಲಿ ಬರೀ ಇಂಪ್ಲಾಂಟ್ ಇಡುವುದು, ಅದು ಯಾವ ಬಗೆಯದೇ ಆಗಿರಲಿ, ಮೊದಲ ಆಯ್ಕೆ ಆಗಬಾರದು. ನಿಮ್ಮದೇ ಹೊಟ್ಟೆಯ ಅಥವಾ ಬೆನ್ನಿನ ಭಾಗ ತಂದು ಸ್ತನ ಕಟ್ಟಲು ಆಗುತ್ತದೆಯೇ ಎಂದು ಮೊದಲು ವಿಚಾರಿಸಿ. ಇಂಪ್ಲಾಂಟ್ ಬೇಕೇ ಬೇಕು ಅಂತಾದರೆ ಬೆನ್ನಿನ ಸ್ನಾಯುವಿನ ಹೊದಿಕೆಯಡಿ ನುಣುಪಾದ, ದುಂಡನೆಯ, ಸಿಲಿಕೋನ್ ಜೆಲ್ ತುಂಬಿದ್ದನ್ನು ಇಡಿಸಿಕೊಳ್ಳಿ. ಒರಟು ಮೇಲ್ಮೈಯದು ಬೇಡ. ಉಪ್ಪುನೀರಿನದರಲ್ಲಿ ಅಪಾಯ ಹೆಚ್ಚೇನಿಲ್ಲ, ಆದರೆ ನಿಮ್ಮ ಎದೆಗೆ ಅದು ಹೊಂದುವುದಿಲ್ಲ.

ರೇಡಿಯೇಷನ್ ಕ್ಯಾನ್ಸರ್ ಕಣಗಳ ಜೊತೆಗೆ ಚರ್ಮದ ಸಣ್ಣ ರಕ್ತನಾಳಗಳನ್ನೂ ಹಾಳು ಮಾಡುತ್ತದೆ. ಮೇಲಿನ ಕಪ್ಪು ಬಣ್ಣ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ, ಒಳಗಿನ ಬಿಗಿತ ಮಾತ್ರ ಉಳಿಯುತ್ತದೆ. ಕನ್ನಡಿ ಮುಂದೆ ನಿಂತು ಎರಡು ಬೆರಳಿನಲ್ಲಿ ಚರ್ಮ ಹಿಡಿದು ಎತ್ತಿ ನೋಡಿ. ಬಲಗಡೆ ಹೊಟ್ಟೆಯ ಮೇಲ್ಭಾಗದ ಚರ್ಮ ಸಲೀಸಾಗಿ ಮೇಲೇಳುತ್ತದೆ. ಎಡ ಎದೆಯ ಚರ್ಮ ಪಕ್ಕೆಲುಬಿಗೆ ಅಂಟಿಕೊಂಡು, ಬೆರಳಿಗೆ ಸಿಗದೇ ಇದ್ದರೆ ಅದು ಹಿಗ್ಗುವ ಚರ್ಮವಲ್ಲ. ಅದರಡಿ ಸುಮಾರು 350 ಗ್ರಾಂ ತೂಕದ ವಸ್ತುವನ್ನು ಇಟ್ಟು ಹೊಲಿದರೆ ಹೊಲಿಗೆಯ ಅಂಚಿಗೆ ರಕ್ತ ಸಾಲದೆ ಗಾಯ ಬಾಯಿ ಬಿಡಬಹುದು. ಚರ್ಮ ದಿನೇದಿನೇ ತೆಳುವಾಗಿ ಇಂಪ್ಲಾಂಟ್ ಹೊರಗೆ ಕಾಣಿಸಿಕೊಳ್ಳಲೂಬಹುದು. ಹಾಗಾದರೆ ತೆಗೆಯದೆ ಬೇರೆ ದಾರಿ ಇರುವುದಿಲ್ಲ.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ಹೊರಗಿನ ಯಾವ ವಸ್ತುವನ್ನು ದೇಹದೊಳಗೆ ಇಟ್ಟರೂ ಅದರ ಸುತ್ತ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಇದು ರೋಗವಲ್ಲ, ಎಲ್ಲರಿಗೂ ಆಗುವುದೇ. ಆ ಪೊರೆ ದಪ್ಪಗಾಗಿ ಕುಗ್ಗತೊಡಗಿದರೆ ಮಾತ್ರ ಕಷ್ಟ. ಇದನ್ನು ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ, ಬೇಕರ್ ಗ್ರೇಡ್ ಎಂದು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಒಂದನೇ ಹಂತದಲ್ಲಿ ಸ್ತನ ಮೆತ್ತಗೇ ಇರುತ್ತದೆ. ಎರಡರಲ್ಲಿ ಮುಟ್ಟಿದರೆ ಸ್ವಲ್ಪ ಗಟ್ಟಿ, ನೋಡಲು ಸರಿಯಾಗಿಯೇ ಇರುತ್ತದೆ. ಮೂರರಲ್ಲಿ ಆಕಾರ ಕೆಟ್ಟು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಾಲ್ಕರಲ್ಲಿ ನೋವೂ ಸೇರುತ್ತದೆ, ಎಡಮಗ್ಗುಲಾಗಿ ಮಲಗಲು ಆಗುವುದಿಲ್ಲ. ರೇಡಿಯೇಷನ್ ಆಗದ ಎದೆಗಿಂತ ಆದ ಎದೆಯಲ್ಲಿ ಮೂರು, ನಾಲ್ಕನೇ ಹಂತಕ್ಕೆ ಹೋಗುವುದು ಬಹಳ ಹೆಚ್ಚು. ಇಂಪ್ಲಾಂಟ್ ಎಷ್ಟೇ ದುಬಾರಿಯದ್ದಾಗಲಿ, ಯಾವ ಕಂಪನಿಯದ್ದೇ ಆಗಲಿ, ಈ ಅಪಾಯ ತಪ್ಪುವುದಿಲ್ಲ.

ಆದ್ದರಿಂದಲೇ ರಕ್ತ ಚೆನ್ನಾಗಿ ಹರಿಯುವ ಹೊಸ ಚರ್ಮ, ಹೊಸ ಸ್ನಾಯುವನ್ನು ಆ ಜಾಗಕ್ಕೆ ತರಬೇಕು. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಹೊಟ್ಟೆಯದು, ಡೀಪ್ ಫ್ಲಾಪ್ ಎಂದು ಕರೆಯುತ್ತಾರೆ. ಹೊಕ್ಕುಳಿನ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದ ಸಮೇತ ಬಿಡಿಸಿ, ಎದೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಜೋಡಿಸುತ್ತಾರೆ. ಆಪರೇಷನ್ ಆರರಿಂದ ಎಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಜೋಡಿಸಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಇಡೀ ಭಾಗ ಸತ್ತುಹೋಗುತ್ತದೆ. ಹಾಗಾಗಿ ಮೊದಲ ಎರಡು ಮೂರು ದಿನ ಗಂಟೆಗಂಟೆಗೂ ಬಣ್ಣ, ಬಿಸಿ, ನಾಡಿ ನೋಡುವ ಸಿಬ್ಬಂದಿ ಇರುವ ಆಸ್ಪತ್ರೆಯಲ್ಲೇ ಇದನ್ನು ಮಾಡಿಸಬೇಕು. ಹೊಟ್ಟೆಯ ಗೋಡೆ ಸಡಿಲವಾಗಿ ಉಬ್ಬುವುದೂ ಉಂಟು. ಆದರೆ ಒಮ್ಮೆ ಹಿಡಿದರೆ ಅದು ನಿಮ್ಮದೇ ಮೈ. ನೀವು ದಪ್ಪಗಾದರೆ ಅದೂ ದಪ್ಪಗಾಗುತ್ತದೆ, ಮೆತ್ತಗಿರುತ್ತದೆ, ಬದಲಾಯಿಸುವ ಪ್ರಶ್ನೆಯೇ ಇಲ್ಲ. ಸಿಸೇರಿಯನ್ ಆಗಿದೆ, ಸಂತಾನಹರಣ ಆಪರೇಷನ್ ಆಗಿದೆ ಎಂದು ಹೆದರಬೇಡಿ. ಕೆಳಹೊಟ್ಟೆಯ ಅಡ್ಡ ಗಾಯವಿದ್ದರೂ ಸಾಮಾನ್ಯವಾಗಿ ಇದು ಸಾಧ್ಯ. ಮೊದಲೇ ಸಿಟಿ ಆಂಜಿಯೋಗ್ರಾಂ ಮಾಡಿ ರಕ್ತನಾಳ ಹೇಗಿದೆ ಅಂತ ನೋಡಿಕೊಳ್ಳುತ್ತಾರೆ.

ಎರಡನೆಯದು ಬೆನ್ನಿನದು, ಎಲ್‌ಡಿ ಫ್ಲಾಪ್. ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ಮೇಲಿನ ಒಂದು ತುಂಡು ಚರ್ಮದ ಜೊತೆ, ರಕ್ತನಾಳ ಕತ್ತರಿಸದೆ, ಕಂಕುಳ ಕೆಳಗಿನಿಂದ ಮುಂದಕ್ಕೆ ತಿರುಗಿಸಿ ತರುತ್ತಾರೆ. ಮೂರು ನಾಲ್ಕು ಗಂಟೆಯ ಕೆಲಸ, ಮೈಕ್ರೋಸ್ಕೋಪ್ ಬೇಡ. ಆದರೆ ಈ ಸ್ನಾಯು ತೆಳು, ನಿಮ್ಮ ಬಲ ಸ್ತನ ತುಂಬಿಕೊಂಡಿದ್ದರೆ ಅದಕ್ಕೆ ಸಮನಾಗುವಷ್ಟು ಗಾತ್ರ ಇದರಿಂದ ಬರುವುದಿಲ್ಲ. ಆಗ ಅದರ ಕೆಳಗೆ ಇಂಪ್ಲಾಂಟ್ ಇಡುತ್ತಾರೆ. ಬೆನ್ನಿನ ಗಾಯದ ಗೆರೆ ಬ್ರಾ ಪಟ್ಟಿಯ ಕೆಳಗೆ ಬರುವಂತೆ ಗುರುತು ಹಾಕಿಸಿಕೊಳ್ಳಿ. ಆಪರೇಷನ್‌ಗೆ ಮುಂಚೆ ನಿಮ್ಮ ರವಿಕೆ ಹಾಕಿಕೊಂಡು ನಿಂತು ಪೆನ್ನಿನಲ್ಲಿ ಗುರುತು ಹಾಕಿಸಿಕೊಳ್ಳುವುದೇ ಸರಿ, ಬೆನ್ನು ತೆರೆದ ರವಿಕೆ ಹಾಕುವವರಿಗೆ ಇದು ಬೇಕೇ ಬೇಕು. ಬೆನ್ನಿನಲ್ಲಿ ನೀರು ತುಂಬಿಕೊಳ್ಳುವುದು ಇದರ ಸಾಮಾನ್ಯ ತೊಂದರೆ. ಒಂದೆರಡು ಸಲ ಸಿರಿಂಜಿನಲ್ಲಿ ತೆಗೆಸಬೇಕಾಗಬಹುದು.

ಇದನ್ನು ಒಪ್ಪುವ ಮುಂಚೆ ಒಂದು ಪರೀಕ್ಷೆ ಆಗಲೇಬೇಕು. ನಿಮಗೆ ಕಂಕುಳ ಗಂಟುಗಳನ್ನೂ ತೆಗೆದಿದ್ದರೆ ಈ ಸ್ನಾಯುವಿನ ನರಕ್ಕೋ ರಕ್ತನಾಳಕ್ಕೋ ಪೆಟ್ಟಾಗಿರಬಹುದು. ಎಡಗೈಯನ್ನು ಸೊಂಟದ ಮೇಲಿಟ್ಟು ಜೋರಾಗಿ ಒಳಕ್ಕೆ ಒತ್ತಿದಾಗ ಕಂಕುಳ ಹಿಂದಿನ ಮಡಿಕೆ ಗಟ್ಟಿಯಾಗುತ್ತದೆಯೇ ಎಂದು ಸರ್ಜನ್ ಕೈಯಿಟ್ಟು ನೋಡುತ್ತಾರೆ. ಗಟ್ಟಿಯಾಗದಿದ್ದರೆ ರಕ್ತನಾಳವನ್ನು ಸ್ಕ್ಯಾನ್ ಮಾಡಿ ನೋಡದೆ ಮುಂದುವರಿಯಬಾರದು.

ಈಗ ಇಂಪ್ಲಾಂಟ್ ಬಗೆಗಳಿಗೆ ಬರೋಣ. ನಿಮ್ಮ ನಾದಿನಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಪ್ಪುನೀರಿನ ಇಂಪ್ಲಾಂಟ್‌ನ ಹೊರಚೀಲವೂ ಸಿಲಿಕೋನಿನದೇ. ಒಳಗೆ ಮಾತ್ರ ಡ್ರಿಪ್‌ಗೆ ಬಳಸುವಂಥ ಶುದ್ಧ ಉಪ್ಪುನೀರು. ಖಾಲಿ ಚೀಲವನ್ನು ಒಳಗಿಟ್ಟು ಕವಾಟದ ಮೂಲಕ ತುಂಬುವುದರಿಂದ ಗಾಯ ಚಿಕ್ಕದು. ಒಡೆದರೆ ಕೆಲವೇ ದಿನಗಳಲ್ಲಿ ಸ್ತನ ಇಳಿದುಹೋಗಿ ಕಣ್ಣಿಗೇ ಗೊತ್ತಾಗುತ್ತದೆ, ನೀರನ್ನು ದೇಹ ಹೀರಿಕೊಳ್ಳುತ್ತದೆ. ಇವು ಅದರ ಒಳ್ಳೆಯ ಗುಣಗಳು. ಆದರೆ ನೀರು ಒಳಗೆ ಅಲುಗಾಡುತ್ತದೆ, ಚೀಲದ ಮೇಲೆ ಸುಕ್ಕು ಏಳುತ್ತದೆ. ಮೇಲೆ ಸ್ತನದ ಕೊಬ್ಬಿದ್ದವರಲ್ಲಿ ಆ ಸುಕ್ಕು ಮುಚ್ಚಿಹೋಗುತ್ತದೆ. ಇಡೀ ಸ್ತನ ತೆಗೆದವರಲ್ಲಿ ಚರ್ಮದ ಕೆಳಗೆ ಮುಚ್ಚಲು ಏನೂ ಉಳಿದಿರುವುದಿಲ್ಲ, ಬಗ್ಗಿದಾಗ ಮಡಿಕೆಗಳು ಎದ್ದು ಕಾಣುತ್ತವೆ. ಕಡಿಮೆ ತುಂಬಿದರೆ ಮಡಿಕೆ ಬಿದ್ದ ಜಾಗದಲ್ಲಿ ಚೀಲ ಸವೆದು ಬೇಗ ಸೋರುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಹಾಕುವುದು ಸಿಲಿಕೋನ್ ಜೆಲ್ಲಿನದೇ.

ಸಿಲಿಕೋನ್ ಬಗ್ಗೆ ಜನಕ್ಕೆ ಇರುವ ಭಯಕ್ಕೂ ಕಾರಣ ಇದೆ. ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಹಳೆಯ ಇಂಪ್ಲಾಂಟ್‌ಗಳ ಜೆಲ್ ತೆಳುವಾಗಿತ್ತು, ಒಡೆದರೆ ಹರಡುತ್ತಿತ್ತು. 1992ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೌಂದರ್ಯಕ್ಕಾಗಿ ಅವನ್ನು ಹಾಕುವುದನ್ನು ತಡೆಯಿತು. ವರ್ಷಗಟ್ಟಲೆ ಪರಿಶೀಲಿಸಿ 2006ರಲ್ಲಿ ಮತ್ತೆ ಅನುಮತಿ ಕೊಟ್ಟಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಎಂಬ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕೈಗಾರಿಕಾ ಸಿಲಿಕೋನ್ ತುಂಬಿ ಜಗತ್ತಿಗೆಲ್ಲ ಮಾರಿದ್ದು ಬಯಲಾಯಿತು, ಅದರ ಸ್ಥಾಪಕನಿಗೆ ಜೈಲು ಶಿಕ್ಷೆಯೂ ಆಯಿತು. ಆದ್ದರಿಂದ ಯಾವ ಕಂಪನಿ, ಆಮದಿಗೆ ಪರವಾನಗಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಈಗಿನ ಒಳ್ಳೆಯ ಇಂಪ್ಲಾಂಟ್‌ಗಳ ಜೆಲ್ ಗಟ್ಟಿ. ಕತ್ತರಿಸಿದರೂ ಹಾಲುಬಾಯಿಯ ತುಂಡಿನಂತೆ ಆಕಾರ ಉಳಿಸಿಕೊಂಡು ನಿಲ್ಲುತ್ತದೆ, ಹರಿಯುವುದಿಲ್ಲ.

ಸಿಲಿಕೋನಿನ ಕೊರತೆ ಬೇರೆ ಕಡೆ ಇದೆ. ಒಡೆದರೆ ಹೆಚ್ಚಾಗಿ ಹೊರಗೆ ಏನೂ ಗೊತ್ತಾಗುವುದಿಲ್ಲ. ಜೆಲ್ ಪೊರೆಯೊಳಗೇ ಉಳಿಯುವುದರಿಂದ ಸಾಮಾನ್ಯವಾಗಿ ಸ್ತನ ಇಳಿಯುವುದೂ ಇಲ್ಲ, ನೋಯುವುದೂ ಇಲ್ಲ. ಆದ್ದರಿಂದ ಹಾಕಿಸಿದ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕು ಎಂದು ಎಫ್‌ಡಿಎ 2020ರಿಂದ ಹೇಳುತ್ತಿದೆ. ಒಡೆದಿದೆಯೇ ಎಂದಷ್ಟೇ ನೋಡಲು ಎಂಆರ್‌ಐಗೆ ಇಂಜೆಕ್ಷನ್ ಔಷಧಿ ಬೇಕಿಲ್ಲ. ದಾವಣಗೆರೆಯಲ್ಲೇ ಮಾಡಿಸುವುದಾದರೆ ಸ್ಕ್ಯಾನ್ ಸೆಂಟರಿನವರನ್ನು ಒಂದೇ ಮಾತು ಕೇಳಿ: ಸ್ತನದ ಕಾಯಿಲ್ (ಸ್ತನದ ಚಿತ್ರ ತೆಗೆಯಲೆಂದೇ ಇರುವ ಎಂಆರ್‌ಐ ಉಪಕರಣ) ಇದೆಯೇ? ಬೋರಲು ಮಲಗಿಸಿ ಆ ಕಾಯಿಲ್‌ನಲ್ಲಿ ತೆಗೆದ ಚಿತ್ರದಲ್ಲಿ ಮಾತ್ರ ಚೀಲದ ಬಿರುಕು ಸರಿಯಾಗಿ ಕಾಣುತ್ತದೆ.

ಆಕಾರದ ಮಾತಿಗಿಂತ ಮುಂಚೆ ಮೇಲ್ಮೈ ಬಗ್ಗೆ ಹೇಳಬೇಕು, ಯಾಕೆಂದರೆ ನಿಮ್ಮ ಜೀವಕ್ಕೆ ಸಂಬಂಧಿಸಿದ್ದು ಅದೊಂದೇ. ಹನಿಯಾಕಾರದ ಇಂಪ್ಲಾಂಟ್‌ಗೆ ಮೇಲು ಕೆಳಗು ಇದೆ. ಒಳಗೆ ತಿರುಗಿಬಿಟ್ಟರೆ ದಪ್ಪ ಭಾಗ ಪಕ್ಕಕ್ಕೋ ಮೇಲಕ್ಕೋ ಬಂದು ಸ್ತನ ಸೊಟ್ಟಗಾಗುತ್ತದೆ. ತಿರುಗದಂತೆ ಅಂಗಾಂಶ ಹಿಡಿದುಕೊಳ್ಳಲಿ ಎಂದೇ ಅದರ ಮೈಯನ್ನು ಒರಟು ಮಾಡಿರುತ್ತಾರೆ. ಎರಡನೇ ಸರ್ಜನ್ ಹನಿಯಾಕಾರ ಮತ್ತು ಒರಟು ಎರಡನ್ನೂ ಒಟ್ಟಿಗೆ ಹೇಳಿದ್ದು ಇದಕ್ಕೇ.

ಆ ಒರಟುತನಕ್ಕೆ ಒಂದು ಬೆಲೆ ಇದೆ. ಒರಟು ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ, ವರ್ಷಗಳ ನಂತರ, ಒಂದು ಬಗೆಯ ಲಿಂಫೋಮಾ ಬರುವುದು ಕಂಡುಬಂದಿದೆ. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ವೈದ್ಯರು ಬಿಐಎ-ಎಎಲ್‌ಸಿಎಲ್ ಎನ್ನುತ್ತಾರೆ. ಎಫ್‌ಡಿಎ 2011ರಲ್ಲೇ ಇದರ ಎಚ್ಚರಿಕೆ ಕೊಟ್ಟಿತ್ತು. 2019ರ ಜುಲೈ ಹೊತ್ತಿಗೆ ಅದರ ಲೆಕ್ಕದಲ್ಲಿ ಜಗತ್ತಿನಲ್ಲಿ 573 ಪ್ರಕರಣ, 33 ಸಾವು ದಾಖಲಾಗಿದ್ದವು. ಅವುಗಳಲ್ಲಿ 481 ಅಲರ್ಗನ್ ಕಂಪನಿಯ ಇಂಪ್ಲಾಂಟ್ ಇದ್ದವರವು. ಆ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಫ್ರಾನ್ಸ್ ಅದೇ ವರ್ಷ ಏಪ್ರಿಲ್‌ನಲ್ಲೇ ಹೆಚ್ಚು ಒರಟಾದವುಗಳನ್ನು ನಿಷೇಧಿಸಿತ್ತು. ಲಕ್ಷಗಟ್ಟಲೆ ಹೆಂಗಸರಿಗೆ ಇಂಪ್ಲಾಂಟ್ ಹಾಕಿರುವಾಗ ಇದು ಅಪರೂಪದ ರೋಗವೇ. ಆದರೆ ಒಮ್ಮೆ ಕ್ಯಾನ್ಸರ್ ದಾಟಿ ಬಂದವರಿಗೆ, ನುಣುಪಾದ ಇಂಪ್ಲಾಂಟ್ ಕೈಗೆ ಸಿಗುವಾಗ, ಬರೀ ಆಕಾರದ ಸಲುವಾಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಿ ಎಂದು ಹೇಳಲು ನನಗೆ ಮನಸ್ಸಿಲ್ಲ.

ಈಗಾಗಲೇ ಒರಟು ಇಂಪ್ಲಾಂಟ್ ಹಾಕಿಸಿಕೊಂಡ ಓದುಗರು ಗಾಬರಿ ಬೀಳಬೇಡಿ. ತೊಂದರೆ ಇಲ್ಲದಿದ್ದರೆ ತೆಗೆಸಬೇಕಿಲ್ಲ. ಹಾಕಿಸಿ ಒಂದು ವರ್ಷ ದಾಟಿದ ಮೇಲೆ ಯಾವಾಗಲಾದರೂ ಒಂದು ಸ್ತನ ಇದ್ದಕ್ಕಿದ್ದಂತೆ ಊದಿಕೊಂಡರೆ, ಗಂಟು ಸಿಕ್ಕರೆ, ಅದು ತಾನಾಗಿ ಇಳಿಯಲಿ ಎಂದು ಕಾಯಬೇಡಿ. ಹೆಚ್ಚಿನ ಪ್ರಕರಣಗಳು ಕಾಣಿಸಿಕೊಂಡದ್ದು ಎಂಟು ಹತ್ತು ವರ್ಷದ ನಂತರ. ಅಲ್ಟ್ರಾಸೌಂಡ್ ನೋಡಿಕೊಂಡು ಇಂಪ್ಲಾಂಟ್ ಸುತ್ತ ತುಂಬಿದ ನೀರನ್ನು ತೆಗೆದು, ಈ ಲಿಂಫೋಮಾ ಪತ್ತೆಗೆ ಮಾಡುವ ಸಿಡಿ30 ಪರೀಕ್ಷೆಗೆ ಕಳಿಸಿ ಎಂದು ಬರೆಸಿಕೊಳ್ಳಿ. ಬರೀ ಕೀವಿನ ಪರೀಕ್ಷೆಗೆ ಕಳಿಸಿ ಉಳಿದದ್ದನ್ನು ಚೆಲ್ಲಿದರೆ ರೋಗ ಸಿಗದೆ ಹೋಗುತ್ತದೆ. ಬೇಗ ಸಿಕ್ಕರೆ ಇಂಪ್ಲಾಂಟನ್ನೂ ಪೂರ್ತಿ ಪೊರೆಯನ್ನೂ ತೆಗೆಯುವುದರಲ್ಲೇ ಬಹಳ ಜನಕ್ಕೆ ವಾಸಿಯಾಗುತ್ತದೆ.

ಇನ್ನು ಸಹಜ ನೋಟದ ಮಾತು. ಹನಿಯಾಕಾರದ್ದು ಮೇಲೆ ಇಳಿಜಾರು, ಕೆಳಗೆ ತುಂಬು, ಅದು ನಿಜ. ಆದರೆ ದುಂಡನೆಯ ಮೆತ್ತಗಿನ ಇಂಪ್ಲಾಂಟಿನ ಜೆಲ್ ನಿಂತಾಗ ಕೆಳಕ್ಕೆ ಇಳಿದು ಅದೂ ಹೆಚ್ಚುಕಡಿಮೆ ಅದೇ ಇಳಿಜಾರಿಗೆ ಬರುತ್ತದೆ. ಒಳಗೆ ತಿರುಗಿದರೂ ವ್ಯತ್ಯಾಸ ಕಾಣದು. ಮಲಗಿದಾಗ ಸ್ವಲ್ಪ ಹರಡಿಕೊಳ್ಳುತ್ತದೆ, ಹನಿಯಾಕಾರದ್ದು ಮಲಗಿದಾಗಲೂ ನೆಟ್ಟಗೇ ನಿಲ್ಲುತ್ತದೆ. ಮೇಲೆ ಬೆನ್ನಿನ ಸ್ನಾಯು ಹೊದಿಸಿದ ಮೇಲಂತೂ ಯಾವ ಆಕಾರದ್ದು ಒಳಗಿದೆ ಎಂದು ಸೀರೆಯಲ್ಲಲ್ಲ, ರವಿಕೆ ತೆಗೆದು ನೋಡಿದರೂ ಹೇಳುವುದು ಕಷ್ಟ.

375 ಸಿಸಿ ಎಂಬ ಅಂಕಿಗೆ ಅಂಟಿಕೊಳ್ಳಬೇಡಿ. ಇಂಪ್ಲಾಂಟ್ ಆರಿಸುವ ಮೊದಲ ಅಳತೆ ಸಿಸಿ ಅಲ್ಲ, ಬುಡದ ಅಗಲ. ನಿಮ್ಮ ಬಲ ಸ್ತನದ ಬುಡ 13 ಸೆಂ.ಮೀ. ಅಗಲ ಇದ್ದರೆ, ಮೇಲಿನ ಚರ್ಮ ಕೊಬ್ಬಿನ ದಪ್ಪ ಕಳೆದು, ಸುಮಾರು 12ರಿಂದ 12.5 ಸೆಂ.ಮೀ. ಅಗಲದ ಇಂಪ್ಲಾಂಟ್ ಬೇಕಾಗುತ್ತದೆ. ಅದೇ ಅಗಲದಲ್ಲಿ ಮುಂದಕ್ಕೆ ಎಷ್ಟು ಉಬ್ಬಬೇಕು ಅನ್ನುವುದನ್ನು ಪ್ರೊಫೈಲ್ ಅನ್ನುತ್ತಾರೆ: ಮಾಡರೇಟ್, ಮಾಡರೇಟ್ ಪ್ಲಸ್, ಹೈ. 12.5 ಸೆಂ.ಮೀ. ಅಗಲದ್ದು ಮಾಡರೇಟ್‌ನಲ್ಲಿ ಅಂದಾಜು 250 ಸಿಸಿ ಆಸುಪಾಸು ಇದ್ದರೆ, ಮಾಡರೇಟ್ ಪ್ಲಸ್‌ನಲ್ಲಿ 325, ಹೈ ಪ್ರೊಫೈಲ್‌ನಲ್ಲಿ 400ರ ಹತ್ತಿರ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಹಾಗಾಗಿ ಗೆಳತಿಗೆ 375 ಹಾಕಿದ್ದಾರೆ, ನನಗೂ ಅಷ್ಟೇ ಇರಲಿ ಅನ್ನುವುದರಲ್ಲಿ ಅರ್ಥವಿಲ್ಲ. ಅಗಲ ಮೀರಿದ ಇಂಪ್ಲಾಂಟ್ ಕಂಕುಳ ಕಡೆಗೆ ತಳ್ಳಿಕೊಂಡು ಕೈ ಇಳಿಬಿಟ್ಟಾಗಲೆಲ್ಲ ಒತ್ತುತ್ತದೆ.

ಮನೆಯಲ್ಲೇ ಅಂದಾಜು ನೋಡುವ ಉಪಾಯವಿದೆ. ಅಡುಗೆಮನೆಯ ಅಳತೆ ಲೋಟದಲ್ಲಿ 350 ಮಿ.ಲೀ. ಅಕ್ಕಿ ಅಳೆದು, ಹಳೆಯ ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ, ಪ್ಯಾಡ್ ಜಾಗದಲ್ಲಿ ಬ್ರಾ ಒಳಗಿಟ್ಟುಕೊಂಡು ಅರ್ಧ ದಿನ ಮನೆಗೆಲಸ ಮಾಡಿ. ಬಲಗಡೆಗೆ ಸರಿಹೊಂದುವವರೆಗೆ 25 ಮಿ.ಲೀ. ಹೆಚ್ಚುಕಡಿಮೆ ಮಾಡುತ್ತಾ ಹೋಗಿ. ಇದರಿಂದ ಗಾತ್ರ ತಿಳಿಯುತ್ತದೆ, ತೂಕ ತಿಳಿಯುವುದಿಲ್ಲ. ಅಷ್ಟು ಅಕ್ಕಿ 280 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಸಿಲಿಕೋನ್ 340 ಗ್ರಾಂ ಆಸುಪಾಸು ತೂಗುತ್ತದೆ.

ಎರಡು ಹಂತದಲ್ಲಿ ಮಾಡುವ ಪದ್ಧತಿಯ ಬಗ್ಗೆಯೂ ಯಾರಾದರೂ ಹೇಳಬಹುದು. ಮೊದಲು ಎಕ್ಸ್‌ಪ್ಯಾಂಡರ್ ಎಂಬ ಚೀಲ ಇಟ್ಟು, ಎರಡು ಮೂರು ವಾರದ ನಂತರ ಸೂಜಿಯಿಂದ ಒಂದು ಸಲಕ್ಕೆ 50ರಿಂದ 100 ಮಿ.ಲೀ. ಉಪ್ಪುನೀರು ತುಂಬುತ್ತಾ ಚರ್ಮ ಹಿಗ್ಗಿಸಿ, ಕೆಲವು ತಿಂಗಳಾದ ಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಇಡುತ್ತಾರೆ. ರೇಡಿಯೇಷನ್ ಆಗದವರಿಗೆ ಒಳ್ಳೆಯ ಪದ್ಧತಿ. ನಿಮ್ಮ ಚರ್ಮ ಹಿಗ್ಗುವ ಬದಲು ತೆಳುವಾಗುವ ಸಂಭವ ಹೆಚ್ಚು. ಪ್ರತಿ ಸಲ ತುಂಬಿಸಲು ದಾವಣಗೆರೆಯಿಂದ ಬೆಂಗಳೂರಿಗೆ 260 ಕಿ.ಮೀ. ಓಡಾಡಬೇಕು. ಎಕ್ಸ್‌ಪ್ಯಾಂಡರಿನ ಸೂಜಿ ಚುಚ್ಚುವ ಜಾಗದಲ್ಲಿ ಹೆಚ್ಚಾಗಿ ಅಯಸ್ಕಾಂತ ಇರುವುದರಿಂದ ಅದು ಒಳಗಿರುವಷ್ಟು ಕಾಲ ಎಂಆರ್‌ಐ ಮಾಡುವಂತಿಲ್ಲ, ಇದನ್ನೂ ಮರೆಯಬೇಡಿ.

ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗಿಡುವುದೋ ಮೇಲಿಡುವುದೋ ಎಂಬುದು ಇನ್ನೊಂದು ನಿರ್ಧಾರ. ಸ್ನಾಯುವಿನ ಕೆಳಗಿಟ್ಟರೆ ಮೇಲಿನ ಅಂಚು ಎದ್ದು ಕಾಣುವುದಿಲ್ಲ. ಆದರೆ ಎದೆಸ್ನಾಯು ಬಿಗಿಯುವ ಪ್ರತಿ ಕೆಲಸದಲ್ಲೂ ಇಂಪ್ಲಾಂಟ್ ಮೇಲಕ್ಕೂ ಪಕ್ಕಕ್ಕೂ ಜಿಗಿಯುತ್ತದೆ. ದಿನಾ ಜೋಳದ ರೊಟ್ಟಿ ಮಾಡುವ ಮನೆಯಾದರೆ ಇದನ್ನು ಸರ್ಜನ್‌ಗೆ ಹೇಳಲೇಬೇಕು. ಹಿಟ್ಟು ನಾದುವಾಗ, ರೊಟ್ಟಿ ತಟ್ಟುವಾಗ, ಬಾವಿ ಹಗ್ಗ ಎಳೆಯುವಾಗ ಕೆಲಸ ಮಾಡುವುದು ಅದೇ ಸ್ನಾಯು. ಬೆನ್ನಿನ ಸ್ನಾಯು ಮುಂದೆ ತಂದರೂ ಅದರ ನರ ಜೀವಂತ ಇದ್ದರೆ ಹೀಗೇ ಸೆಳೆತ ಬರುತ್ತದೆ. ಕೆಲವು ಸರ್ಜನ್‌ಗಳು ಆಪರೇಷನ್ನಿನಲ್ಲೇ ಆ ನರವನ್ನು ಕತ್ತರಿಸುತ್ತಾರೆ. ನಿಮ್ಮವರು ಏನು ಮಾಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಬಲ ಸ್ತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಕ್ಕಳಾದ ಮೇಲೆ ಸ್ವಲ್ಪ ಇಳಿಬಿದ್ದ ಸ್ತನಕ್ಕೆ ಇಂಪ್ಲಾಂಟ್ ಇಟ್ಟ ಸ್ತನ ಎಂದೂ ಸಮನಾಗುವುದಿಲ್ಲ, ಅದು ಮೇಲೇ ಇರುತ್ತದೆ. ಬಲಗಡೆಯನ್ನು ಎತ್ತಿ ಕಟ್ಟುವುದು ಅಥವಾ ಚಿಕ್ಕದು ಮಾಡುವುದು ಬೇಕಾಗಬಹುದು. ಅದಕ್ಕೆ ಮುಂಚೆ ಬಲ ಸ್ತನದ ಮ್ಯಾಮೋಗ್ರಾಂ ಹೊಸದಾಗಿ ಆಗಿರಬೇಕು. ಬಲಗಡೆಗೂ ಇಂಪ್ಲಾಂಟ್ ಹಾಕುತ್ತೇವೆ ಎಂದರೆ ಯೋಚಿಸಿ. ಇಂಪ್ಲಾಂಟ್ ಇರುವ ಸ್ತನದ ಮ್ಯಾಮೋಗ್ರಾಂಗೆ ಅದನ್ನು ಹಿಂದಕ್ಕೆ ಸರಿಸಿ ಹೆಚ್ಚುವರಿ ಚಿತ್ರ ತೆಗೆಯಬೇಕು, ಅದನ್ನು ಬಲ್ಲ ಟೆಕ್ನಿಷಿಯನ್ ಪ್ರತಿ ವರ್ಷ ಸಿಗಬೇಕು.

ಕ್ಯಾನ್ಸರ್ ಮುಚ್ಚಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಂಪ್ಲಾಂಟ್‌ನಿಂದ ನಿಮ್ಮ ಹಳೆಯ ಕ್ಯಾನ್ಸರ್ ಮರಳಿ ಬರುವುದಿಲ್ಲ. ಪೂರ್ತಿ ಸ್ತನ ತೆಗೆದ ಜಾಗದಲ್ಲಿ ರೋಗ ಮತ್ತೆ ಬಂದರೆ ಬಹುತೇಕ ಚರ್ಮದಲ್ಲಿ ಅಥವಾ ಚರ್ಮದ ಕೆಳಗೇ ಬರುತ್ತದೆ, ಅಂದರೆ ಇಂಪ್ಲಾಂಟಿನ ಮುಂದೆ. ಬೆರಳಿಗೆ ಸಿಗುತ್ತದೆ. ತಿಂಗಳಿಗೊಮ್ಮೆ ಸ್ನಾನ ಮಾಡುವಾಗ ಗಾಯದ ಗೆರೆ, ಕಂಕುಳು, ಕಾಲರ್ ಎಲುಬಿನ ಮೇಲ್ಭಾಗ ಮೂರನ್ನೂ ಸವರಿ ನೋಡಿಕೊಳ್ಳಿ.

ಜೀವನಪೂರ್ತಿ ಇರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಪ್ಲಾಂಟ್ ಆಜೀವ ಬಾಳುವ ವಸ್ತುವಲ್ಲ ಎಂದು 2021ರಿಂದ ಎಫ್‌ಡಿಎ ಪೆಟ್ಟಿಗೆಯ ಎಚ್ಚರಿಕೆಯಲ್ಲೇ ಬರೆಸಿದೆ. ಹಾಗಂತ ಹತ್ತು ವರ್ಷಕ್ಕೆ ಸರಿಯಾಗಿ ಬದಲಾಯಿಸಲೇಬೇಕು ಎಂಬುದೂ ತಪ್ಪು. ಸ್ಕ್ಯಾನ್ ಸರಿಯಿದ್ದು, ಮೆತ್ತಗಿದ್ದು, ನೋವಿಲ್ಲದಿದ್ದರೆ ಮುಟ್ಟುವ ಅಗತ್ಯವಿಲ್ಲ. ನಿಮಗೆ 43. ಮುಂದೆ ಒಂದೆರಡು ಸಲವಾದರೂ ಮತ್ತೆ ಆಪರೇಷನ್ ಆಗಬಹುದು ಎಂದುಕೊಂಡೇ ಖರ್ಚಿನ ಲೆಕ್ಕ ಹಾಕಿ. ಹೊಟ್ಟೆಯ ಫ್ಲಾಪ್ ಆಪರೇಷನ್ ಈಗ ದೊಡ್ಡದು ಅನಿಸಿದರೂ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಹಗುರವಾಗುವುದು ಇಲ್ಲೇ. ಕೆಲವರಿಗೆ ಇಂಪ್ಲಾಂಟ್ ಆದ ಮೇಲೆ ಸುಸ್ತು, ಕೀಲುನೋವು, ಮರೆವು ಕಾಣಿಸಿಕೊಳ್ಳುವುದೂ ಅದೇ ಎಚ್ಚರಿಕೆಯಲ್ಲಿದೆ. ಅದನ್ನು ಪತ್ತೆ ಮಾಡುವ ಖಚಿತ ರಕ್ತಪರೀಕ್ಷೆ ಇಲ್ಲ. ಆದರೆ ನಿಮಗೆ ಹಾಗಾದರೆ ಮನಸ್ಸಿನ ಭ್ರಮೆ ಎಂದು ಯಾರೂ ತಳ್ಳಿಹಾಕಬಾರದು.

ಆಪರೇಷನ್‌ಗೆ ಮುಂಚಿನ ತಯಾರಿಯಲ್ಲಿ ಎಲೆಅಡಿಕೆಯ ವಿಷಯ ಬಹಳ ಜನ ಹೇಳದೇ ಬಿಡುತ್ತಾರೆ. ಬರೀ ಎಲೆಅಡಿಕೆ ಬೇರೆ, ಜೊತೆಗೆ ಹೊಗೆಸೊಪ್ಪು, ಕಡ್ಡಿಪುಡಿ ಇದ್ದರೆ ಅದರ ನಿಕೋಟಿನ್ ರಕ್ತನಾಳಗಳನ್ನು ಸಿಗರೇಟಿನಂತೆಯೇ ಕುಗ್ಗಿಸುತ್ತದೆ. ಆಪರೇಷನ್‌ಗೆ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಪೂರ್ತಿ ಬಿಡಬೇಕು. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7ರ ಹತ್ತಿರಕ್ಕೆ ಬರಲಿ. ಟ್ಯಾಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವುದರಿಂದ, ಮುಖ್ಯವಾಗಿ ಹೊಟ್ಟೆಯ ಫ್ಲಾಪ್ ಮಾಡುವಾಗ, ಕೆಲವು ವಾರ ನಿಲ್ಲಿಸುವುದುಂಟು. ಅದನ್ನು ನಿಮ್ಮ ಕ್ಯಾನ್ಸರ್ ವೈದ್ಯರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಎಡಗೈ ತಲೆಯ ಮೇಲಕ್ಕೆ ಪೂರ್ತಿ ಏಳುತ್ತಿಲ್ಲವಾದರೆ ಮೊದಲು ಫಿಸಿಯೋಥೆರಪಿ ಆಗಲಿ.

ಮನೆಗೆ ಬರುವಾಗ ಗಾಯದ ನೀರು ಹೊರಹಾಕುವ ಡ್ರೈನ್ ನಳಿಗೆ ಇರಬಹುದು. ಬಂದ ನೀರನ್ನು ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಸಾಮಾನ್ಯವಾಗಿ ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಕಾರಿನಲ್ಲಿ ಬರುವಾಗ ಸೀಟ್‌ಬೆಲ್ಟ್ ಮತ್ತು ಎದೆಯ ನಡುವೆ ಚಿಕ್ಕ ದಿಂಬು ಇಟ್ಟುಕೊಳ್ಳಿ. ಆರು ವಾರ ನೀರಿನ ಕೊಡ, ಸಿಲಿಂಡರ್, ಮಗು ಯಾವುದನ್ನೂ ಎತ್ತಬೇಡಿ. ಬೇಸಿಗೆಯಲ್ಲಿ ಸಂಪಿನಿಂದ ನೀರು ಹೊರುವ ಕೆಲಸ ಮನೆಯ ಬೇರೆಯವರದ್ದಾಗಲಿ. ಎದೆ ಕೆಂಪಗಾಗಿ ಬಿಸಿಯಾದರೆ, ಜ್ವರ ಬಂದರೆ, ಗಾಯದಿಂದ ನೀರು ಒಸರಿದರೆ ಅದೇ ದಿನ ತೋರಿಸಬೇಕು. ಮಾತ್ರೆಯಲ್ಲಿ ಉಳಿಯುವ ಇಂಪ್ಲಾಂಟ್ ಎರಡು ದಿನ ತಡವಾದರೆ ತೆಗೆಯುವ ಪರಿಸ್ಥಿತಿಗೆ ಬರುತ್ತದೆ. ರಾತ್ರಿ ಹೀಗಾದರೆ ಬೆಂಗಳೂರಿಗೆ ಓಡಲು ಆಗದು. ಆದ್ದರಿಂದ ದಾವಣಗೆರೆಯ ಯಾವುದಾದರೂ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಯಾರು ನೋಡುತ್ತಾರೆ ಎಂದು ಮೊದಲೇ ಮಾತಾಡಿ, ಸರ್ಜನ್‌ರ ಚೀಟಿ ಇಟ್ಟುಕೊಂಡಿರಿ. ಇನ್ನೊಂದು ಮಾತು: ಹೊಸ ಸ್ತನಕ್ಕೆ ಸ್ಪರ್ಶ ಇರುವುದಿಲ್ಲ. ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಸುಡುವುದು ಗೊತ್ತಾಗದೆ ಚರ್ಮ ಬೆಂದುಹೋದವರಿದ್ದಾರೆ. ಆ ಚೀಲ ಎದೆ, ಬೆನ್ನು ಎರಡರ ಹತ್ತಿರವೂ ಬೇಡ.

ಹಣದ ವಿಷಯ. ಸೌಂದರ್ಯದ ಶಸ್ತ್ರಚಿಕಿತ್ಸೆಗೆ ವಿಮೆ ಇಲ್ಲ ಎಂದು ಕಂಪನಿಯವರು ಮೊದಲ ಉತ್ತರ ಕೊಡಬಹುದು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಾಮಾನ್ಯ ನಿಯಮದಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುನಿರ್ಮಾಣಕ್ಕೆ ಆ ನಿಷೇಧದಿಂದ ವಿನಾಯಿತಿ ಇದೆ. ಸರ್ಜನ್‌ರ ಪತ್ರದಲ್ಲಿ ‘ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಸ್ತನ ಮರುನಿರ್ಮಾಣ’ ಎಂದೇ ಬರೆಸಿ, ಬಲಗಡೆಯ ಕೆಲಸವನ್ನೂ ಅದರಲ್ಲೇ ಸೇರಿಸಿ, ದಾಖಲಾಗುವ ಮುಂಚೆ ಲಿಖಿತ ಒಪ್ಪಿಗೆ ಪಡೆಯಿರಿ. ಆಯುಷ್ಮಾನ್ ಕಾರ್ಡ್ ಇರುವ ಓದುಗರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕಂಡು ವಿಚಾರಿಸಿ. ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಸೀರಿಯಲ್ ನಂಬರಿನ ಸ್ಟಿಕ್ಕರ್ ಬರುತ್ತದೆ. ಒಂದು ಆಸ್ಪತ್ರೆಯ ಫೈಲಿಗೆ, ಒಂದು ನಿಮ್ಮ ಕೈಗೆ. ಅದರ ಫೋಟೋ ತೆಗೆದು ಮನೆಯವರ ಮೊಬೈಲಿಗೂ ಕಳಿಸಿಡಿ, ಮುಂದೆ ಯಾವುದಾದರೂ ಮಾದರಿ ವಾಪಸ್ ಪಡೆದರೆ ನಿಮ್ಮದು ಅದೇ ಹೌದೋ ಅಲ್ಲವೋ ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಏನೂ ಮಾಡಿಸದೆ ಹೀಗೇ ಇರುವುದೂ ಒಂದು ಸರಿಯಾದ ಆಯ್ಕೆಯೇ. ಆಗ ಬೆವರು ಹೀರುವ ಹತ್ತಿಯ ಚೀಲವಿರುವ ಬ್ರಾ, ಹೆಣೆದ ನೂಲಿನ ಹಗುರ ಪ್ಯಾಡ್ ಬಳಸಿದರೆ ಬೇಸಿಗೆಯ ಉರಿ ಕಡಿಮೆಯಾಗಬಹುದು. ಆಪರೇಷನ್‌ಗೆ ಅವಸರವಿಲ್ಲ. ಇದು ಇನ್ನೂ ಐದು ವರ್ಷ ಬಿಟ್ಟು ಮಾಡಿಸಿದರೂ ನಡೆಯುತ್ತದೆ.

ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಮೂರು ಕಾಗದ ಜೊತೆಗಿರಲಿ: ಕಂಕುಳಲ್ಲಿ ಏನೇನು ತೆಗೆದಿದ್ದಾರೆ ಎಂದಿರುವ ಆಪರೇಷನ್ ನೋಟ್ಸ್, ಎಷ್ಟು ಡೋಸ್ ಎಲ್ಲೆಲ್ಲಿಗೆ ಕೊಟ್ಟರು ಎಂದಿರುವ ರೇಡಿಯೇಷನ್ ವರದಿ, ಬಯಾಪ್ಸಿ ವರದಿ. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಇರಬೇಕು. ಅವರನ್ನು ಹೀಗೆ ಕೇಳಿ: ರೇಡಿಯೇಷನ್ ಆದ ಎದೆಗಳಲ್ಲಿ ನೀವು ಎಲ್‌ಡಿ, ಡೀಪ್ ಎರಡನ್ನೂ ಮಾಡುತ್ತೀರಾ? ಬರೀ ಇಂಪ್ಲಾಂಟ್ ನನಗೆ ಯಾಕೆ ಹೇಳಿದಿರಿ? ನಾನು ಆರಿಸಿದ ಇಂಪ್ಲಾಂಟಿನ ಹೆಸರು, ಮೇಲ್ಮೈ, ಬುಡದ ಅಗಲ, ಪ್ರೊಫೈಲ್ ಬರೆದುಕೊಡುತ್ತೀರಾ? ಎರಡನೇ ಪ್ರಶ್ನೆಗೆ ನಿಮ್ಮ ರೇಡಿಯೇಷನ್ ವರದಿ ಓದಿ, ಚರ್ಮ ಹಿಡಿದು ನೋಡಿ ಕೊಟ್ಟ ಉತ್ತರ ಬರುವವರೆಗೆ ಅಡ್ವಾನ್ಸ್ ಕಟ್ಟಬೇಡಿ.